ಎಂಜಿನ್ ತಾಳ ತಪ್ಪಿದಾಗ



ಈಗ ನಮ್ಮ ಹಳ್ಳಿಗಳಿಗೂ ಕಾರು ಬಂದಿದೆ. ಕೆಲವು ಮನೆಗಳಲ್ಲಿ ಮಗ ಬಾಡಿಗೆ ಕಾರು ಓಡಿಸುತ್ತಾನೆ. ಕೆಲವು ಮನೆಗಳಲ್ಲಿ ಸೊಸೆಯೇ ಓಡಿಸುತ್ತಾಳೆ. ಕಾರು ಕೊಳ್ಳಲು ಸಂಘದಿಂದಲೋ ಬ್ಯಾಂಕಿನಿಂದಲೋ ಸಾಲ ತಂದಿರುತ್ತೇವೆ. ಸಾಲದ ಕಾಗದಕ್ಕೆ ನಾವೂ ಸಹಿ ಹಾಕಿರುತ್ತೇವೆ. ಕಾರು ಓಡಿದರೆ ಕಂತು ಕಟ್ಟುತ್ತೇವೆ. ಕಾರು ನಿಂತರೆ? ಕಂತು ಮಾತ್ರ ನಿಲ್ಲುವುದಿಲ್ಲ.

ಕಾರು ಕೆಟ್ಟಿತು ಅಂದರೆ ಮನೆಯವರೆಲ್ಲ ಹೆದರುತ್ತಾರೆ. ಗ್ಯಾರೇಜಿನವರು ಏನು ಹೇಳಿದರೂ "ಹೂಂ" ಅಂತೀವಿ. "ಹೆಂಗಸರಿಗೆ ಕಾರಿನ ವಿಷಯ ಯಾಕೆ?" ಅಂತ ಕೇಳುವವರೂ ಇದ್ದಾರೆ. ಆದರೆ ಬೆವರು ಸುರಿಸಿದ ದುಡ್ಡು ನಮ್ಮದು. ಅದು ಯಾಕೆ ಖರ್ಚಾಯಿತು ಅಂತ ತಿಳಿಯುವುದು ನಮ್ಮ ಹಕ್ಕು.

ಕಾರಿನ ಎಲ್ಲ ರಿಪೇರಿ ನಾವು ಕಲಿಯಬೇಕಿಲ್ಲ. ಈ ಪಾಠದಲ್ಲಿ ಒಂದೇ ಒಂದು ತೊಂದರೆ ತೆಗೆದುಕೊಳ್ಳೋಣ. ಅದರ ಕಾರಣವನ್ನು ಹೇಗೆ ಹುಡುಕುತ್ತಾರೆ ಅಂತ ನೋಡೋಣ. ಆ ತೊಂದರೆಯ ಹೆಸರು 'ಮಿಸ್ಸಿಂಗ್'. ಪೆಟ್ರೋಲ್ ಕಾರುಗಳಲ್ಲಿ ಇದು ಆಗಾಗ ಬರುತ್ತದೆ.

ಮಿಸ್ಸಿಂಗ್ ಅಂದರೇನು?

ಮೂವರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೆನಪು ಮಾಡಿಕೊಳ್ಳಿ. ಒಬ್ಬರ ಒನಕೆ ಮೇಲೆ ಹೋಗುತ್ತದೆ. ಇನ್ನೊಬ್ಬರದು ಕೆಳಗೆ ಬರುತ್ತದೆ. ದಬ್, ದಬ್, ದಬ್ ಅಂತ ತಾಳ ಬೀಳುತ್ತದೆ. ಒಬ್ಬರ ಕೈ ಸೋತರೆ ಏನಾಗುತ್ತದೆ? ದಬ್, ದಬ್... ಆಮೇಲೆ ಸದ್ದಿಲ್ಲ. ತಾಳ ತಪ್ಪುತ್ತದೆ. ಕೆಲಸವೂ ಕುಂಟುತ್ತದೆ.

ಎಂಜಿನ್ ಕೂಡ ಹೀಗೆಯೇ. ಅದರೊಳಗೆ ಮೂರೋ ನಾಲ್ಕೋ ಸಿಲಿಂಡರ್ ಇರುತ್ತವೆ. ಇವು ಅಡುಗೆ ಗ್ಯಾಸಿನ ಸಿಲಿಂಡರ್ ಅಲ್ಲ. ಕಬ್ಬಿಣದ ಕೊಳವೆಯಂಥ ಕೋಣೆಗಳು. ಒಂದೊಂದು ಕೋಣೆಯಲ್ಲೂ ಸರದಿ ಪ್ರಕಾರ ಬೆಂಕಿ ಹೊತ್ತಬೇಕು. ಒಂದರಲ್ಲಿ ಹೊತ್ತದೇ ಹೋದರೆ ಎಂಜಿನ್ ತಾಳ ತಪ್ಪುತ್ತದೆ. ಇದೇ ಮಿಸ್ಸಿಂಗ್.

ಇದನ್ನು ಗುರುತಿಸುವುದು ಕಷ್ಟವಲ್ಲ. ಕಾರು ನಿಂತಲ್ಲೇ ನಡುಗುತ್ತದೆ. ಏರು ಹತ್ತುವಾಗ ಎಳೆಯುವುದಿಲ್ಲ. ಜಗ್ಗಿ ಜಗ್ಗಿ ಹೋಗುತ್ತದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹಿಂದಿನ ಹೊಗೆ ಕೊಳವೆಯಲ್ಲಿ ಸುಡದ ಪೆಟ್ರೋಲಿನ ವಾಸನೆ ಬರುತ್ತದೆ.

ಎಂಜಿನ್ ಒಳಗೆ ಏನು ನಡೆಯುತ್ತದೆ?

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ನೋಡಿದ್ದೀರಿ. ಅದರೊಳಗೆ ಒಂದು ದಂಡ ಮೇಲೆ ಕೆಳಗೆ ಆಡುತ್ತದೆ. ಸಿಲಿಂಡರಿನ ಒಳಗೂ ಹಾಗೆ ಆಡುವ ಒಂದು ಭಾಗವಿದೆ. ಅದರ ಹೆಸರು ಪಿಸ್ಟನ್. ಅದು ನಾಲ್ಕು ಕೆಲಸ ಮಾಡುತ್ತದೆ.

ಒಂದು: ಕೆಳಗೆ ಇಳಿದು ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆಯುತ್ತದೆ.
ಎರಡು: ಮೇಲೆ ಬಂದು ಅದನ್ನು ಒತ್ತುತ್ತದೆ.
ಮೂರು: ಆಗ ಕಿಡಿ ಹಾರುತ್ತದೆ. ಬೆಂಕಿ ಹೊತ್ತುತ್ತದೆ. ಆ ಬಿಸಿ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಕಾರು ಓಡುವುದು ಈ ನೂಕಿನಿಂದ.
ನಾಲ್ಕು: ಮತ್ತೆ ಮೇಲೆ ಬಂದು ಹೊಗೆಯನ್ನು ಹೊರಗೆ ತಳ್ಳುತ್ತದೆ.

ಇದು ಎಷ್ಟು ಬೇಗ ನಡೆಯುತ್ತದೆ ಗೊತ್ತೇ? ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆಗ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 1500 ಸಲ ಬೆಂಕಿ ಹೊತ್ತಬೇಕು. ಅಂದರೆ ಸೆಕೆಂಡಿಗೆ 25 ಸಲ! ನಾವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ ಬೆಂಕಿ ಹೊತ್ತಿ ಆರಿರುತ್ತದೆ.

ಬೆಂಕಿ ಹೊತ್ತಲು ಏನು ಬೇಕು?

ಒಲೆ ಹಚ್ಚುವ ನಮಗೆ ಇದು ಚೆನ್ನಾಗಿ ಗೊತ್ತು. ಸೌದೆ ಬೇಕು. ಗಾಳಿ ಬೇಕು. ಕಡ್ಡಿ ಗೀರಬೇಕು. ಎಂಜಿನ್ನಿಗೆ ಇವುಗಳ ಜೊತೆಗೆ ಇನ್ನೊಂದು ಬೇಕು. ಅದೇ ಒತ್ತಡ.

1. ಪೆಟ್ರೋಲ್ ಮತ್ತು ಗಾಳಿ. 1 ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಈ ಅಳತೆ ಬಹಳ ತಪ್ಪಿದರೆ ಬೆಂಕಿ ಹೊತ್ತುವುದಿಲ್ಲ. ಇಂಜೆಕ್ಟರ್ ಎಂಬ ಸಣ್ಣ ಮೂತಿ ಪೆಟ್ರೋಲನ್ನು ಸಿಂಪಡಿಸುತ್ತದೆ.

2. ಕಿಡಿ. ಗ್ಯಾಸ್ ಒಲೆ ಹಚ್ಚುವ ಲೈಟರ್ ಒತ್ತಿದರೆ ಟಕ್ ಅಂತ ಕಿಡಿ ಹಾರುತ್ತದೆ, ಅಲ್ವಾ? ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಸ್ಪಾರ್ಕ್ ಪ್ಲಗ್. ಕಾರಿನ ಬ್ಯಾಟರಿ ಬರೀ 12 ವೋಲ್ಟಿನದು. ಅದರಿಂದ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಕಾಯಿಲ್ ಎಂಬ ಭಾಗ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುತ್ತದೆ.

3. ಒತ್ತಡ. ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಸೀಟಿ ಬರುವುದಿಲ್ಲ. ಆವಿ ಪಕ್ಕದಿಂದ ಹೋಗಿಬಿಡುತ್ತದೆ. ಎಂಜಿನ್ನಿನಲ್ಲೂ ಗ್ಯಾಸ್ಕೆಟ್ ಇದೆ. ಪಿಸ್ಟನ್ನಿನ ಸುತ್ತ ರಿಂಗ್ ಇವೆ. ಗಾಳಿ ಬರುವ, ಹೊಗೆ ಹೋಗುವ ಬಾಗಿಲಿಗೆ ವಾಲ್ವ್ ಇವೆ. ಇವು ಸೋರಿದರೆ ಒತ್ತಡ ನಿಲ್ಲುವುದಿಲ್ಲ.

ಮಿಸ್ಸಿಂಗ್ ಬಂದರೆ ಈ ಮೂರರಲ್ಲಿ ಯಾವುದೋ ಒಂದು ತಪ್ಪಿದೆ ಅಂತ ಅರ್ಥ. ಯಾವುದು? ಅದನ್ನು ಹುಡುಕುವುದೇ ಜಾಣತನ.

ಮೊದಲು ಕೇಳಿ, ಆಮೇಲೆ ಬಿಚ್ಚಿ

ಮಗುವಿಗೆ ಜ್ವರ ಬಂದರೆ ಡಾಕ್ಟರು ಮೊದಲು ಏನು ಮಾಡುತ್ತಾರೆ? ಯಾವಾಗಿಂದ, ಏನು ತಿಂದಿತ್ತು, ಕೆಮ್ಮು ಇದೆಯಾ ಅಂತ ಕೇಳುತ್ತಾರೆ. ಕಾರಿಗೂ ಹಾಗೆಯೇ. ಸ್ಪ್ಯಾನರ್ ಹಿಡಿಯುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಿ.

ಹೊಸದಾಗಿ ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತೇ? ಹಾಗಾದರೆ ಪೆಟ್ರೋಲಿನಲ್ಲಿ ನೀರೋ ಕಲಬೆರಕೆಯೋ ಇರಬಹುದು.

ಮಳೆಯ ನಂತರ, ಅಥವಾ ಎಂಜಿನ್ ತೊಳೆದ ನಂತರ ಬಂತೇ? ಹಾಗಾದರೆ ಪ್ಲಗ್ಗಿನ ಗುಂಡಿಗೆ ನೀರು ಇಳಿದಿರಬಹುದು.

ಏರು ಹತ್ತುವಾಗ, ತುಂಬ ಜನ ಕೂತಾಗ ಹೆಚ್ಚುತ್ತದೆಯೇ? ಪ್ಲಗ್ ಅಥವಾ ಕಾಯಿಲ್ ಸೋತಿರಬಹುದು. ಪೆಟ್ರೋಲ್ ಸಾಕಷ್ಟು ಬರದೆಯೂ ಇರಬಹುದು.

ಕಾರು ಬಹಳ ದಿನ ನಿಂತಿತ್ತೇ? ಬಾನೆಟ್ ಎತ್ತಿ ನೋಡಿ. ಇಲಿ ವೈರು ಕಡಿದಿರಬಹುದು. ಹಳ್ಳಿಯಲ್ಲಿ, ಕೊಟ್ಟಿಗೆಯ ಹತ್ತಿರ ನಿಲ್ಲಿಸಿದ ಕಾರಿಗೆ ಇಲಿಯ ಕಾಟ ಸುಳ್ಳಲ್ಲ.

ಕಾರಿಗೆ ಗ್ಯಾಸ್ ಕಿಟ್ ಇದೆಯೇ? ಪೆಟ್ರೋಲಿನಲ್ಲಿ ಒಮ್ಮೆ, ಗ್ಯಾಸಿನಲ್ಲಿ ಒಮ್ಮೆ ಓಡಿಸಿ ನೋಡಿ. ಪೆಟ್ರೋಲಿನಲ್ಲಿ ಮಾತ್ರ ಮಿಸ್ ಆದರೆ ಪೆಟ್ರೋಲಿನ ಕಡೆ ಹುಡುಕಬೇಕು. ಎರಡರಲ್ಲೂ ಆದರೆ ಕಿಡಿ ಅಥವಾ ಒತ್ತಡದ ಮೇಲೆ ಅನುಮಾನ. ಗ್ಯಾಸಿನಲ್ಲಿ ಮಾತ್ರ ಆದರೆ ಗ್ಯಾಸಿನ ಕಿಟ್ ನೋಡಿಸಿ. ಜೊತೆಗೆ ಪ್ಲಗ್ಗನ್ನೂ ನೋಡಿಸಿ. ಪ್ಲಗ್ ಸವೆದಿದ್ದರೆ ಅದು ಗ್ಯಾಸಿನಲ್ಲಿ ಮೊದಲು ಗೊತ್ತಾಗುತ್ತದೆ.

ಹಳದಿ ದೀಪ ಏನು ಹೇಳುತ್ತದೆ?

ಡ್ರೈವರ್ ಎದುರಿನ ಮೀಟರಿನಲ್ಲಿ ಎಂಜಿನ್ ಆಕಾರದ ಒಂದು ಹಳದಿ ದೀಪವಿದೆ. ಅದು ಹೊತ್ತಿಕೊಂಡೇ ಇದ್ದರೆ ಬೇಗ ತೋರಿಸಿ ಅಂತ ಅರ್ಥ. ಅದು ಮಿಣುಕುತ್ತಿದ್ದರೆ ತೊಂದರೆ ಜೋರಾಗಿದೆ. ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿ.

ಯಾಕೆ ನಿಲ್ಲಿಸಬೇಕು? ಸುಡದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗುತ್ತದೆ. ಅಲ್ಲಿ ಹೊಗೆ ಶುದ್ಧ ಮಾಡುವ ಒಂದು ಡಬ್ಬಿ ಇದೆ. ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಅಂತಾರೆ. ಪೆಟ್ರೋಲ್ ಅದರೊಳಗೆ ಉರಿದು ಡಬ್ಬಿ ಕಾದು ಕೆಟ್ಟುಹೋಗುತ್ತದೆ. ಅದರಲ್ಲಿ ಪ್ಲಾಟಿನಂನಂಥ ದುಬಾರಿ ಲೋಹಗಳಿವೆ. ಒಂದು ಪ್ಲಗ್ಗಿನ ಖರ್ಚಿನಲ್ಲಿ ಮುಗಿಯುವುದು ದೊಡ್ಡ ಖರ್ಚಿಗೆ ಹೋಗುತ್ತದೆ.

ಯಾವ ಸಿಲಿಂಡರ್? ನಂಬರ್ ಓದಿ

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳು ಬಿಎಸ್-6 ನಿಯಮದವು. ಇವುಗಳಲ್ಲಿ ಒಂದು ಸಣ್ಣ ಕಂಪ್ಯೂಟರ್ ಇದೆ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲೂ ಇದೆ. ತಾಳ ಎಲ್ಲಿ ತಪ್ಪಿತು ಅಂತ ಅದು ಲೆಕ್ಕ ಇಡುತ್ತದೆ. ಮೆಕಾನಿಕ್ ಸ್ಕ್ಯಾನರ್ ಜೋಡಿಸಿದರೆ ಒಂದು ನಂಬರ್ ತೋರಿಸುತ್ತದೆ. ಇದನ್ನು ಕೋಡ್ ಅಂತಾರೆ.

ಪಿ 0301 ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್.
ಪಿ 0302 ಅಂದರೆ ಎರಡನೆಯದರಲ್ಲಿ.
ಪಿ 0303 ಅಂದರೆ ಮೂರನೆಯದರಲ್ಲಿ.
ಪಿ 0304 ಅಂದರೆ ನಾಲ್ಕನೆಯದರಲ್ಲಿ.
ಪಿ 0300 ಅಂದರೆ ಒಂದೇ ಕಡೆ ಅಲ್ಲ, ಅಲ್ಲಲ್ಲಿ ತಪ್ಪುತ್ತಿದೆ.

ನೋಡಿದಿರಾ? ಕೊನೆಯ ಅಂಕೆ ಓದಿದರೆ ಸಾಕು, ಜಾಗ ಗೊತ್ತಾಗುತ್ತದೆ. ಅಂಕೆ ಓದಲು ನಮಗೆ ಈಗ ಬರುತ್ತದೆ! ಆದರೆ ಒಂದು ಮಾತು ನೆನಪಿರಲಿ. ಕೋಡ್ ಹೇಳುವುದು ಜಾಗವನ್ನು ಮಾತ್ರ. ಕಾರಣವನ್ನು ಹೇಳುವುದಿಲ್ಲ. ಎರಡನೇ ಮನೆಯಲ್ಲಿ ದೀಪ ಇಲ್ಲ ಅಂತ ಅದು ಹೇಳುತ್ತದೆ. ಎಣ್ಣೆ ಮುಗಿಯಿತೋ, ಬತ್ತಿ ಕೆಟ್ಟಿತೋ ಅಂತ ಹೋಗಿ ನೋಡಬೇಕು.

ಅದಲು ಬದಲು ಪರೀಕ್ಷೆ

ಕಾರಣ ಹುಡುಕಲು ಒಂದು ಸುಲಭ ಉಪಾಯವಿದೆ. ಅದನ್ನು ಒಂದು ಕಥೆಯ ಮೂಲಕ ನೋಡೋಣ.

ಒಂದು ಮನೆಯಲ್ಲಿ ಮೂರು ಸಿಲಿಂಡರಿನ ಹಳೆಯ ಕಾರು ಇತ್ತು. ತಮ್ಮ ಬಾಡಿಗೆ ಓಡಿಸುತ್ತಿದ್ದ. ಸಾಲ ಅಕ್ಕನ ಹೆಸರಿನಲ್ಲಿತ್ತು. ಮಳೆಗಾಲದಲ್ಲಿ ಒಂದು ದಿನ ಕಾರು ನಡುಗತೊಡಗಿತು. ಗ್ಯಾರೇಜಿಗೆ ಹೋದರು. ಸ್ಕ್ಯಾನರ್ ಪಿ 0302 ತೋರಿಸಿತು.

"ಗಾಡಿ ಹಳೇದಾಯ್ತಕ್ಕಾ. ರಿಂಗ್ ಹೋಗಿರಬೇಕು. ಎಂಜಿನ್ ಬಿಚ್ಚಬೇಕು" ಅಂದ ಮೆಕಾನಿಕ್.

ತಮ್ಮ ತಲೆ ಮೇಲೆ ಕೈ ಹೊತ್ತು ಕೂತ. ಎಂಜಿನ್ ಬಿಚ್ಚಿದರೆ ಹತ್ತಾರು ಸಾವಿರ ರೂಪಾಯಿ ಬೇಕು. ವಾರಗಟ್ಟಲೆ ಬಾಡಿಗೆ ಇಲ್ಲ.

ಅಕ್ಕ ಕೇಳಿದಳು: "ಅಣ್ಣಾ, ರಿಂಗೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?"

"ಅಂದಾಜಿನ ಮೇಲೆ ಹೇಳಿದೆ ಅಕ್ಕಾ."

"ಹಾಗಾದರೆ ಸುಲಭದ್ದು ಮೊದಲು ನೋಡಿಬಿಡಿ. ಎರಡನೇದರ ಕಾಯಿಲ್ ತೆಗೆದು ಮೂರನೇದಕ್ಕೆ ಹಾಕಿ. ಮೂರನೇದರದ್ದು ಎರಡನೇದಕ್ಕೆ ಹಾಕಿ. ಬೇರೆ ಏನೂ ಮುಟ್ಟಬೇಡಿ."

ಮೆಕಾನಿಕ್ ಎಂಜಿನ್ ಆರಿಸಿ ಎರಡು ಕಾಯಿಲ್ ಅದಲು ಬದಲು ಮಾಡಿದ. ಹಳೆಯ ಕೋಡ್ ಅಳಿಸಿದ. ಕಾರನ್ನು ಒಂದು ಸುತ್ತು ಓಡಿಸಿ ಬಂದ. ಮತ್ತೆ ಸ್ಕ್ಯಾನರ್ ಹಾಕಿದ. ಈಗ ಬಂದ ನಂಬರ್ ಪಿ 0303!

ಇದರ ಅರ್ಥ ಏನು? ಕಾಯಿಲ್ ಹೋದ ಕಡೆಗೆ ತೊಂದರೆಯೂ ಹೋಯಿತು. ಅಂದರೆ ತಪ್ಪು ಕಾಯಿಲ್ಲಿನದು. ಎಂಜಿನ್ನಿನದಲ್ಲ.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಕಾಯಿಲ್ ಯಾಕೆ ಕೆಟ್ಟಿತು?" ಅಂತ ಕೇಳಿದಳು. ಇಬ್ಬರೂ ಪ್ಲಗ್ಗಿನ ಗುಂಡಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ನೀರಿತ್ತು. ಕಾಯಿಲ್ಲಿನ ರಬ್ಬರ್ ಸೀಳಿತ್ತು. ತಮ್ಮ ವಾರಕ್ಕೊಮ್ಮೆ ಪೈಪು ಹಿಡಿದು ಎಂಜಿನ್ ತೊಳೆಯುತ್ತಿದ್ದ. ನೀರು ಅಲ್ಲಿಂದ ಇಳಿದಿತ್ತು. ಗುಂಡಿ ಒಣಗಿಸಿದರು. ಹೊಸ ಕಾಯಿಲ್ ಒಂದನ್ನು ಹಾಕಿದರು. ನೀರು ಹೊಡೆಯುವುದನ್ನು ನಿಲ್ಲಿಸಿದರು. ಬರೀ ಕಾಯಿಲ್ ಬದಲಿಸಿ ಬಂದಿದ್ದರೆ? ಹೊಸದಕ್ಕೂ ಅದೇ ಗತಿ ಬರುತ್ತಿತ್ತು.

ಕಾಯಿಲ್ ಬದಲಿಸಿದರೂ ಕೋಡ್ ಪಿ 0302 ಆಗಿಯೇ ಉಳಿದಿದ್ದರೆ ಏನು ಮಾಡಬೇಕಿತ್ತು? ಆಗ ಪ್ಲಗ್ಗುಗಳನ್ನು ಅದಲು ಬದಲು ಮಾಡಬೇಕು. ಅದಕ್ಕೂ ಜಗ್ಗದಿದ್ದರೆ ವೈರು, ಇಂಜೆಕ್ಟರ್, ಆಮೇಲೆ ಒತ್ತಡ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ. ಸಾರಿಗೆ ಉಪ್ಪು, ಹುಳಿ ಎರಡನ್ನೂ ಒಟ್ಟಿಗೆ ಸುರಿದು ರುಚಿ ನೋಡಿದ ಹಾಗೆ ಆಗುತ್ತದೆ.

ಕಂಪ್ಯೂಟರ್ ಇಲ್ಲದ ತೀರಾ ಹಳೆಯ ಕಾರಿಗೆ ಬೇರೆ ದಾರಿಯಿದೆ. ಮೆಕಾನಿಕ್ ಒಂದೊಂದೇ ಸಿಲಿಂಡರಿನ ಕಿಡಿ ನಿಲ್ಲಿಸಿ ಸದ್ದು ಕೇಳುತ್ತಾರೆ. ಕೆಲಸ ಮಾಡುತ್ತಿದ್ದ ಸಿಲಿಂಡರ್ ನಿಂತರೆ ಎಂಜಿನ್ ಸದ್ದು ಇನ್ನೂ ಕುಗ್ಗುತ್ತದೆ. ಸುಮ್ಮನೆ ಕೂತಿದ್ದ ಸಿಲಿಂಡರ್ ನಿಂತರೆ ಏನೂ ಬದಲಾಗುವುದಿಲ್ಲ. ಇದನ್ನು ತಿಳಿದವರೇ ಮಾಡಬೇಕು. ಆ ವೈರಿನಲ್ಲಿ ಜೋರಾದ ಕರೆಂಟ್ ಇರುತ್ತದೆ.

ಪ್ಲಗ್ಗಿನ ಬಣ್ಣ ನೋಡಿ

ಪಾತ್ರೆಯ ತಳ ನೋಡಿದರೆ ಒಲೆ ಹೇಗೆ ಉರಿಯಿತು ಅಂತ ಹೇಳುತ್ತೇವೆ. ಪ್ಲಗ್ಗಿನ ತುದಿಯೂ ಹಾಗೆಯೇ ಮಾತಾಡುತ್ತದೆ.

ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಬೆಂಕಿ ಚೆನ್ನಾಗಿ ಉರಿದಿದೆ.
ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ.
ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಲ್ಲ.
ಎಣ್ಣೆ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಸೋರುತ್ತಿದೆ.
ಸುಟ್ಟ ಹಾಗೆ ಬೆಳ್ಳಗಿದ್ದರೆ ಬಿಸಿ ಹೆಚ್ಚಾಗಿದೆ. ಪೆಟ್ರೋಲ್ ಕಡಿಮೆ ಬರುತ್ತಿರಬಹುದು.

ಎಲ್ಲ ಪ್ಲಗ್ಗುಗಳನ್ನೂ ಸಾಲಾಗಿ ಇಟ್ಟು ನೋಡಿ. ಯಾವುದು ಬೇರೆ ಥರ ಇದೆಯೋ ಆ ಸಿಲಿಂಡರಿನ ಮೇಲೆ ಕಣ್ಣಿಡಿ.

ಕಿಡಿ ಸರಿ ಇದ್ದರೆ?

ಆಗ ಪೆಟ್ರೋಲ್ ಮತ್ತು ಗಾಳಿಯ ದಾರಿ ನೋಡಬೇಕು. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಒಂದು ಸಿಲಿಂಡರಿಗೆ ಪೆಟ್ರೋಲ್ ಸಾಲುವುದಿಲ್ಲ. ಪೆಟ್ರೋಲ್ ಪಂಪು ಸೋತಿದ್ದರೆ, ಫಿಲ್ಟರ್ ಕಟ್ಟಿದ್ದರೆ ಎಲ್ಲ ಸಿಲಿಂಡರಿಗೂ ಸಾಲುವುದಿಲ್ಲ. ಗಾಳಿಯ ರಬ್ಬರ್ ಪೈಪು ಬಿರಿದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಕಿವಿಗೊಟ್ಟರೆ ಉಸ್ ಅನ್ನುವ ಸದ್ದು ಕೇಳಬಹುದು.

ಕೊನೆಗೆ ಒತ್ತಡ

ಎಲ್ಲ ನೋಡಿಯೂ ಕಾರಣ ಸಿಗಲಿಲ್ಲವೇ? ಆಗ ಒತ್ತಡ ಅಳೆಯಬೇಕು. ಪ್ಲಗ್ ಬಿಚ್ಚಿ, ಅದರ ಜಾಗದಲ್ಲಿ ಒಂದು ಮೀಟರ್ ಕೂರಿಸುತ್ತಾರೆ. ಎಂಜಿನ್ ತಿರುಗಿಸಿ ಮುಳ್ಳು ಎಲ್ಲಿಗೆ ಬಂತು ಅಂತ ನೋಡುತ್ತಾರೆ. ಎಲ್ಲ ಸಿಲಿಂಡರುಗಳ ಅಂಕೆ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು 170, ಇನ್ನೊಂದು 165, ಮತ್ತೊಂದು 90 ಎಂದು ಬಂದರೆ ಆ 90ರ ಕಡೆ ಸೋರಿಕೆ ಇದೆ.

ಎಲ್ಲಿ ಸೋರುತ್ತಿದೆ? ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಅಂಕೆ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ. ರೇಡಿಯೇಟರ್ ನೀರು ಪದೇ ಪದೇ ಕಡಿಮೆಯಾಗುತ್ತಿದ್ದು, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಗ್ಯಾಸ್ಕೆಟ್ ಹೋಗಿರಬಹುದು.

ಇಷ್ಟೆಲ್ಲ ಆದ ಮೇಲೆ "ಎಂಜಿನ್ ಬಿಚ್ಚಬೇಕು" ಅಂದರೆ ಆ ಮಾತಿಗೆ ಬೆಲೆ ಇದೆ. ಅಳೆಯುವ ಮೊದಲೇ ಹೇಳಿದರೆ ಅದು ಬರೀ ಅಂದಾಜು.

ಎಚ್ಚರಿಕೆ

ಎಂಜಿನ್ ಓಡುವಾಗ ಸೆರಗು, ಜಡೆ, ದುಪಟ್ಟಾ ಬೆಲ್ಟಿನ ಹತ್ತಿರ ಹೋಗದಿರಲಿ. ಸೆರಗು ಸಿಕ್ಕಿಸಿಕೊಂಡೇ ಬಾನೆಟ್ ಎತ್ತಿ.
ಎಂಜಿನ್ ಓಡುವಾಗ ಪ್ಲಗ್ಗಿನ ವೈರು, ಕಾಯಿಲ್ ಮುಟ್ಟಬೇಡಿ.
ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿ ನೀರು ಮುಖಕ್ಕೆ ಹಾರುತ್ತದೆ.
ಪೆಟ್ರೋಲ್ ವಾಸನೆ ಇರುವಲ್ಲಿ ಬೆಂಕಿಕಡ್ಡಿ, ಬೀಡಿ ಬೇಡ.
ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಗಾಳಿ ಇರುತ್ತದೆ. ಪ್ರಾಣ ಹೋಗಬಹುದು.

ನೆನಪಿಡಿ

ಪೆಟ್ರೋಲ್ ಮತ್ತು ಗಾಳಿ, ಕಿಡಿ, ಒತ್ತಡ. ಹುಡುಕಬೇಕಾದದ್ದು ಈ ಮೂರರಲ್ಲಿ.
ಸುಲಭದ್ದು, ಅಗ್ಗದ್ದು ಮೊದಲು ನೋಡಿ. ದುಬಾರಿಯದು ಕೊನೆಗೆ.
ಒಂದು ಸಲಕ್ಕೆ ಒಂದೇ ಬದಲಾವಣೆ.
ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಬಿಲ್ಲು ಕೇಳಿ. ಓದಿ ನೋಡಿ.

ಮಾಡಿ ನೋಡಿ

1. ಮನೆಯಲ್ಲಿ ಕಾರು ಇದ್ದರೆ ಒಂದು ಪುಸ್ತಕ ಇಡಿ. ಪೆಟ್ರೋಲ್ ಹಾಕಿಸಿದ ದಿನ, ಎಷ್ಟು ಲೀಟರ್, ಮೀಟರಿನ ಕಿಲೋಮೀಟರ್, ಪ್ಲಗ್ ಬದಲಿಸಿದ ದಿನ ಇವುಗಳನ್ನು ಬರೆಯಿರಿ.
2. ಸ್ಕ್ಯಾನರಿನಲ್ಲಿ ಪಿ 0304 ಬಂದಿದೆ. ತೊಂದರೆ ಯಾವ ಸಿಲಿಂಡರಿನಲ್ಲಿ?
3. ನಾಲ್ಕನೆಯದರ ಕಾಯಿಲ್ಲನ್ನು ಒಂದನೆಯದಕ್ಕೆ, ಒಂದನೆಯದರದ್ದನ್ನು ನಾಲ್ಕನೆಯದಕ್ಕೆ ಹಾಕಿದರು. ಆದರೂ ಮತ್ತೆ ಪಿ 0304 ಬಂತು. ತಪ್ಪು ಕಾಯಿಲ್ಲಿನದೇ? ಮುಂದೆ ಏನನ್ನು ಬದಲಿಸಿ ನೋಡಬೇಕು? ಗುಂಪಿನಲ್ಲಿ ಮಾತಾಡಿ, ಉತ್ತರ ಬರೆಯಿರಿ.